ಕಾಲು ಮೈಲಿಯ ಭೌತವಿಜ್ಞಾನ: ಮನೆಯಲ್ಲಿ ಕಟ್ಟಿದ ಡ್ರ್ಯಾಗ್ ಕಾರು

ಕಾರು ಪಂದ್ಯ ಎಂದೊಡನೆ ಅಂಕುಡೊಂಕಾದ ಪಥದಲ್ಲಿ ಸುತ್ತು ಸುತ್ತಾಗಿ ಓಡುವ ಕಾರುಗಳ ಸಾಲು ನಿಮ್ಮ ಕಣ್ಣ ಮುಂದೆ ಬರುತ್ತದೆ. ಡ್ರ್ಯಾಗ್ ಪಂದ್ಯದಲ್ಲಿ ತಿರುವೂ ಇಲ್ಲ, ಸುತ್ತೂ ಇಲ್ಲ. ಎರಡು ಕಾರುಗಳು ಅಕ್ಕಪಕ್ಕದ ಎರಡು ನೇರ ಪಥಗಳಲ್ಲಿ ನಿಶ್ಚಲ ಸ್ಥಿತಿಯಿಂದ ಹೊರಟು ಕಾಲು ಮೈಲಿ, ಅಂದರೆ 402.3 ಮೀಟರ್ ದೂರವನ್ನು ಕ್ರಮಿಸುತ್ತವೆ. ಅಷ್ಟರಲ್ಲಿ ಪಂದ್ಯ ಮುಗಿಯುತ್ತದೆ. ಹತ್ತು ಹನ್ನೆರಡು ಸೆಕೆಂಡುಗಳ ಈ ಓಟಕ್ಕಾಗಿ ಹವ್ಯಾಸಿಗಳು ತಿಂಗಳುಗಟ್ಟಲೆ ತಮ್ಮ ಮನೆಯ ಷೆಡ್ಡಿನಲ್ಲಿ ಹಳೆಯ ಕಾರೊಂದನ್ನು ಬಿಚ್ಚಿ, ಬೆಸೆದು, ಮತ್ತೆ ಜೋಡಿಸುತ್ತಾರೆ.

ಈ ಪಂದ್ಯದ ತವರು ಅಮೆರಿಕದ ಕ್ಯಾಲಿಫೋರ್ನಿಯ. ಅಲ್ಲಿನ ಬತ್ತಿದ ಸರೋವರಗಳ ಗಟ್ಟಿ ನೆಲದ ಮೇಲೆ ಯುವಕರು ತಾವೇ ಮಾರ್ಪಡಿಸಿದ ಕಾರುಗಳ ವೇಗವನ್ನು ಪರೀಕ್ಷಿಸುತ್ತಿದ್ದರು. 1950ರಲ್ಲಿ ಸಾಂತಾ ಆನಾ ವಿಮಾನ ನಿಲ್ದಾಣದ ಓಡುದಾರಿಯ ಮೇಲೆ ಕ್ರಮಬದ್ಧವಾದ ಪಂದ್ಯಗಳು ಶುರುವಾದವು. 1951ರಲ್ಲಿ ವಾಲಿ ಪಾರ್ಕ್ಸ್ ಅವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಸಾರ್ವಜನಿಕ ರಸ್ತೆಗಳಲ್ಲಿ ನಡೆಯುತ್ತಿದ್ದ ಅಪಾಯಕಾರಿ ಓಟವನ್ನು ನಿಯಮಬದ್ಧ ಅಂಕಣಕ್ಕೆ ತರುವುದು ಆ ಸಂಸ್ಥೆಯ ಮುಖ್ಯ ಉದ್ದೇಶವಾಗಿತ್ತು.

ವಿಜ್ಞಾನದ ಅಧ್ಯಾಪಕರಿಗೆ ಈ ಪಂದ್ಯ ಒಂದು ಸಿದ್ಧ ಪ್ರಯೋಗವಿದ್ದಂತೆ. ದೂರ ನಿಗದಿಯಾಗಿದೆ, ಆರಂಭ ವೇಗ ಸೊನ್ನೆ, ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯಲಾಗುತ್ತದೆ. ಹೈಸ್ಕೂಲಿನ ಚಲನ ಸಮೀಕರಣಗಳನ್ನು ಒರೆಗೆ ಹಚ್ಚಲು ಇನ್ನೇನು ಬೇಕು?

ಸಮೀಕರಣ ಎಲ್ಲಿ ತಪ್ಪುತ್ತದೆ?

ಮನೆಯಲ್ಲಿ ಕಟ್ಟಿದ ಒಳ್ಳೆಯ ಕಾರೊಂದು ಕಾಲು ಮೈಲಿಯನ್ನು 10 ಸೆಕೆಂಡುಗಳಲ್ಲಿ ಓಡಿತು ಎನ್ನಿ. ವೇಗೋತ್ಕರ್ಷ ಏಕರೂಪವಾಗಿದ್ದರೆ ಅಂತಿಮ ವೇಗವು ಸರಾಸರಿ ವೇಗದ ಎರಡರಷ್ಟಿರಬೇಕು. ಸರಾಸರಿ ವೇಗ ಸೆಕೆಂಡಿಗೆ 40.2 ಮೀಟರ್. ಆದ್ದರಿಂದ ಅಂತಿಮ ವೇಗ ಸೆಕೆಂಡಿಗೆ 80.5 ಮೀಟರ್, ಅಂದರೆ ಗಂಟೆಗೆ ಸುಮಾರು 290 ಕಿ.ಮೀ. ಆಗಬೇಕು. ಆದರೆ 10 ಸೆಕೆಂಡುಗಳ ಕಾರು ಗುರಿರೇಖೆಯನ್ನು ದಾಟುವುದು ಸಾಮಾನ್ಯವಾಗಿ ಗಂಟೆಗೆ 217 ಕಿ.ಮೀ. ಆಸುಪಾಸಿನಲ್ಲಿ. ಉಳಿದ 73 ಕಿ.ಮೀ. ಎಲ್ಲಿ ಹೋಯಿತು?

ವೇಗೋತ್ಕರ್ಷ ಏಕರೂಪ ಎಂಬ ನಮ್ಮ ಊಹೆಯೇ ಸರಿಯಿಲ್ಲ. ಎಂಜಿನ್ ಒದಗಿಸುವುದು ಏಕರೂಪ ಬಲವನ್ನಲ್ಲ. ಗೇರುಗಳ ನೆರವಿನಿಂದ ಅದು ಹೆಚ್ಚುಕಡಿಮೆ ಏಕರೂಪದ ಸಾಮರ್ಥ್ಯವನ್ನು ಒದಗಿಸುತ್ತದೆ. ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ವೇಗ ಏರಿದಂತೆ ಅದೇ ಸಾಮರ್ಥ್ಯದಿಂದ ದೊರೆಯುವ ಬಲ ಇಳಿಯುತ್ತದೆ. ಹಾಗಾಗಿ ಹೊರಡುವಾಗ ಬೆನ್ನಿಗೆ ಗುದ್ದಿದಂತೆ ನುಗ್ಗುವ ಕಾರು ಕೊನೆಯ ನೂರು ಮೀಟರಿನಲ್ಲಿ ನಿಧಾನವಾಗಿ ವೇಗವನ್ನು ಕೂಡಿಸಿಕೊಳ್ಳುತ್ತದೆ.

ಈಗ ಲೆಕ್ಕವನ್ನು ಮತ್ತೆ ಮಾಡಿ ನೋಡಿ. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ ಶಕ್ತಿ. ಅದೆಲ್ಲ ಕಾರಿನ ಚಲನಶಕ್ತಿಯಾಯಿತು ಎಂದುಕೊಳ್ಳಿ. ಆಗ ವೇಗವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಅಂತಿಮ ವೇಗವು ಸರಾಸರಿ ವೇಗದ ಒಂದೂವರೆಯಷ್ಟಾಗುತ್ತದೆ. ಒಂದೂವರೆ ಸಲ 40.2 ಅಂದರೆ ಸೆಕೆಂಡಿಗೆ 60.3 ಮೀಟರ್, ಗಂಟೆಗೆ 217 ಕಿ.ಮೀ.! ಪಂದ್ಯದ ಅಂಕಣದಲ್ಲಿ ಸಿಗುವ ಸಂಖ್ಯೆಯೂ ಅದೇ. ಇದೇ ಲೆಕ್ಕವನ್ನು ಮುಂದುವರಿಸಿದರೆ ಒಂದು ಸರಳ ಸೂತ್ರ ದೊರೆಯುತ್ತದೆ:

ಕಾಲದ ಘನ = 1.125 × ದ್ರವ್ಯರಾಶಿ × ದೂರದ ವರ್ಗ ÷ ಸಾಮರ್ಥ್ಯ

ಓಟದ ಕಾಲವು ದ್ರವ್ಯರಾಶಿ ಮತ್ತು ಸಾಮರ್ಥ್ಯಗಳ ಅನುಪಾತದ ಘನಮೂಲವನ್ನು ಅವಲಂಬಿಸಿದೆ ಎಂದಾಯಿತು. ಪಂದ್ಯಪ್ರಿಯರು ಈ ಘನಮೂಲ ಸಂಬಂಧವನ್ನು ಮೊದಲು ಅನುಭವದಿಂದಲೇ ಕಂಡುಕೊಂಡಿದ್ದರು. 1973ರಲ್ಲಿ ಜೆಫ್ರಿ ಫಾಕ್ಸ್ ಎಂಬ ಭೌತವಿಜ್ಞಾನಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್ ಪತ್ರಿಕೆಯಲ್ಲಿ ಡ್ರ್ಯಾಗ್ ಪಂದ್ಯದ ಭೌತವಿಜ್ಞಾನವನ್ನು ಚರ್ಚಿಸಿದರು.

ಘನಮೂಲ ಕಟುವಾದ ಯಜಮಾನ. 12 ಸೆಕೆಂಡುಗಳ ಕಾರನ್ನು 10 ಸೆಕೆಂಡಿಗೆ ಇಳಿಸಬೇಕಾದರೆ ಸಾಮರ್ಥ್ಯವನ್ನು 1.2ರ ಘನದಷ್ಟು, ಅಂದರೆ ಶೇಕಡ 73ರಷ್ಟು ಹೆಚ್ಚಿಸಬೇಕು. ಕಾಲವನ್ನು ಅರ್ಧಕ್ಕೆ ಇಳಿಸಲು ಎಂಟು ಪಟ್ಟು ಸಾಮರ್ಥ್ಯ ಬೇಕು. ಕಾರಿನ ತೂಕವನ್ನು ಶೇಕಡ 10ರಷ್ಟು ತಗ್ಗಿಸಿದರೆ 12 ಸೆಕೆಂಡುಗಳ ಓಟ ಸುಮಾರು 11.6 ಸೆಕೆಂಡಿಗೆ ಇಳಿಯುತ್ತದೆ. ಹಿಂದಿನ ಆಸನ, ಹೀಟರ್, ನೆಲಹಾಸುಗಳನ್ನು ಮನೆಯ ಕಟ್ಟುಗಾರರು ಮೊದಲು ಕಿತ್ತುಹಾಕುವುದೇಕೆ ಎಂಬುದು ಈಗ ತಿಳಿಯಿತಲ್ಲವೆ? ಕಿತ್ತುಹಾಕಲು ಖರ್ಚಿಲ್ಲ, ಎಂಜಿನ್ನಿಗೆ ಖರ್ಚಿದೆ.

1400 ಕಿಲೋಗ್ರಾಂ ಕಾರಿಗೆ ಈ ಸೂತ್ರದ ಪ್ರಕಾರ 10 ಸೆಕೆಂಡುಗಳ ಓಟಕ್ಕೆ ಸುಮಾರು 255 ಕಿಲೋವಾಟ್, ಅಂದರೆ 342 ಅಶ್ವಸಾಮರ್ಥ್ಯ ಸಾಕು. ವಾಸ್ತವದಲ್ಲಿ ಇದಕ್ಕಿಂತ ಬಹಳ ಹೆಚ್ಚು ಬೇಕು. ಗೇರುಪೆಟ್ಟಿಗೆಯ ಘರ್ಷಣೆ, ಗಾಳಿಯ ತಡೆ, ಟೈರಿನ ಜಾರುವಿಕೆ, ಚಕ್ರಗಳನ್ನೂ ದಂಡಗಳನ್ನೂ ತಿರುಗಿಸಲು ತಗಲುವ ಶಕ್ತಿ, ಗೇರು ಬದಲಾಗುವಾಗಿನ ನಷ್ಟ ಇವೆಲ್ಲ ತಮ್ಮ ತಮ್ಮ ಪಾಲನ್ನು ಪಡೆಯುತ್ತವೆ.

ಟೈರಿನ ಹಿಡಿತ

ಇನ್ನೊಂದು ತೊಡಕಿದೆ. ಸಾಮರ್ಥ್ಯ ಏಕರೂಪವಾಗಿದ್ದು ವೇಗ ಸೊನ್ನೆಯಾಗಿದ್ದರೆ ಬಲ ಅನಂತವಾಗಬೇಕು. ನಿಜ ಜೀವನದಲ್ಲಿ ಆ ಬಲವನ್ನು ನೆಲಕ್ಕೆ ದಾಟಿಸಬೇಕಾದ್ದು ಟೈರು. ಅದರ ಘರ್ಷಣೆಗೆ ಮಿತಿಯಿದೆ. ಮಿತಿ ಮೀರಿದರೆ ಚಕ್ರ ಗರಗರನೆ ತಿರುಗುತ್ತದೆ, ಹೊಗೆ ಏಳುತ್ತದೆ, ಕಾರು ಮಾತ್ರ ಇದ್ದಲ್ಲೇ ಇರುತ್ತದೆ.

ಘರ್ಷಣಾಂಕ 1ಕ್ಕಿಂತ ಹೆಚ್ಚಿರಲಾರದು ಎಂದು ಬಹಳ ಮಂದಿ ನಂಬುತ್ತಾರೆ. ಹಾಗಿದ್ದರೆ, ಕಾರಿನ ಪೂರ್ಣ ತೂಕ ಚಾಲಕ ಚಕ್ರಗಳ ಮೇಲಿದ್ದರೂ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷವನ್ನು ಮೀರಲಾಗದು. ಕಾಲು ಮೈಲಿಗೆ 9.06 ಸೆಕೆಂಡುಗಳಾದರೂ ಬೇಕು. 1960ರ ದಶಕದಲ್ಲೇ ಕಾರುಗಳು 8 ಸೆಕೆಂಡಿಗಿಂತ ಕಡಿಮೆ ಕಾಲದಲ್ಲಿ ಓಡಿದವು! ಮೆತ್ತನೆಯ ರಬ್ಬರು ಗಟ್ಟಿ ಲೋಹದಂತಲ್ಲ. ಅದು ನೆಲದ ಸಣ್ಣ ತಗ್ಗುದಿಣ್ಣೆಗಳೊಳಗೆ ಹೊಕ್ಕು ಕಚ್ಚಿಕೊಳ್ಳುತ್ತದೆ, ಅಣುಮಟ್ಟದಲ್ಲಿ ಅಂಟಿಕೊಳ್ಳುತ್ತದೆ. ಡ್ರ್ಯಾಗ್ ಟೈರುಗಳ ಮೈ ನುಣುಪಾಗಿರುತ್ತದೆ. ಸ್ಪರ್ಶದ ಪ್ರದೇಶ ಹೆಚ್ಚಿಸಲು ಗಾಳಿಯ ಒತ್ತಡವನ್ನು ಕಡಿಮೆ ಇಡುತ್ತಾರೆ. ಓಟಕ್ಕೆ ಮುನ್ನ ನೀರು ಚಿಮುಕಿಸಿದ ಜಾಗದಲ್ಲಿ ಚಕ್ರಗಳನ್ನು ಜೋರಾಗಿ ತಿರುಗಿಸಿ ಹೊಗೆ ಎಬ್ಬಿಸುವುದು ನೋಡುಗರ ಮೋಜಿಗಷ್ಟೇ ಅಲ್ಲ. ಅದರಿಂದ ರಬ್ಬರಿನ ಮೇಲ್ಪದರ ಬಿಸಿಯಾಗಿ ಅಂಟುಗುಣ ಪಡೆಯುತ್ತದೆ, ಕಸ ಕಳಚುತ್ತದೆ.

ಕಾರು ಮುನ್ನುಗ್ಗುವಾಗ ಅದರ ಮೂತಿ ಮೇಲೇಳುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಟೈರಿನ ಬಲ ನೆಲಮಟ್ಟದಲ್ಲಿ ವರ್ತಿಸುತ್ತದೆ. ಗುರುತ್ವಕೇಂದ್ರ ಅದಕ್ಕಿಂತ ಎತ್ತರದಲ್ಲಿದೆ. ಹೀಗಾಗಿ ಮುಂದಿನ ಚಕ್ರಗಳ ಮೇಲಿನ ಭಾರದ ಒಂದಂಶ ಹಿಂದಿನ ಚಕ್ರಗಳಿಗೆ ವರ್ಗವಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.7 ಮೀಟರ್ ಅಂತರ, ಗುರುತ್ವಕೇಂದ್ರ ಅರ್ಧ ಮೀಟರ್ ಎತ್ತರ, ನಿಂತಾಗ ಅರ್ಧ ತೂಕ ಹಿಂದೆ: ಇಂಥ ಕಾರನ್ನು ಊಹಿಸಿಕೊಳ್ಳಿ. ಘರ್ಷಣಾಂಕ 1 ಇದ್ದರೆ ವೇಗೋತ್ಕರ್ಷ ಗುರುತ್ವದ 0.61 ಪಾಲು, 1.5 ಇದ್ದರೆ 1.04 ಪಟ್ಟು. ಘರ್ಷಣಾಂಕ ಒಂದೂವರೆ ಪಟ್ಟಾದಾಗ ವೇಗೋತ್ಕರ್ಷ 1.7 ಪಟ್ಟಾಯಿತು! ಹಿಡಿತ ಹೆಚ್ಚಿದರೆ ಭಾರದ ವರ್ಗಾವಣೆ ಹೆಚ್ಚುತ್ತದೆ, ಅದರಿಂದ ಹಿಡಿತ ಇನ್ನಷ್ಟು ಹೆಚ್ಚುತ್ತದೆ. ಡ್ರ್ಯಾಗ್ ಕಾರು ಹಿಂದಿನ ಚಕ್ರದಿಂದ ಚಲಿಸುವುದೂ, ಬ್ಯಾಟರಿ ಎಂಜಿನ್ನಿನ ಪಕ್ಕದಿಂದ ಡಿಕ್ಕಿಗೆ ಸ್ಥಳಾಂತರಗೊಳ್ಳುವುದೂ ಈ ಕಾರಣದಿಂದ.

ಎಂಜಿನ್ನಿನ ಮರುನಿರ್ಮಾಣ

ಎಂಜಿನ್ ಮೂಲತಃ ಗಾಳಿಯ ಪಂಪು. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೆಚ್ಚು ಪೆಟ್ರೋಲ್ ಸುರಿಯುವುದು ಸುಲಭ. ಹೆಚ್ಚು ಗಾಳಿ ತುಂಬುವುದು ಕಷ್ಟ. ದೊಡ್ಡ ಕವಾಟ, ಅದನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ದಂಡ, ನುಣುಪುಗೊಳಿಸಿದ ಗಾಳಿಮಾರ್ಗ, ಸೂಪರ್‌ಚಾರ್ಜರ್ ಎಲ್ಲವೂ ಗಾಳಿಗಾಗಿ. ಕೆಲವರು ಮೆಥನಾಲ್ ಬಳಸುತ್ತಾರೆ. ಅದು ಆವಿಯಾಗುವಾಗ ಪೆಟ್ರೋಲಿಗಿಂತ ಬಹಳ ಹೆಚ್ಚು ಶಾಖ ಹೀರಿ ಗಾಳಿಯನ್ನು ತಣಿಸುತ್ತದೆ. ತಣಿದ ಗಾಳಿ ಸಾಂದ್ರವಾಗುತ್ತದೆ. ಅತ್ಯುನ್ನತ ವರ್ಗದ ಕಾರುಗಳು ನೈಟ್ರೋಮೀಥೇನ್ ಬಳಸುತ್ತವೆ. ಈ ಅಣುವಿನೊಳಗೇ ಆಕ್ಸಿಜನ್ ಇರುವುದರಿಂದ ಒಂದು ಗ್ರಾಂ ಇಂಧನಕ್ಕೆ 1.7 ಗ್ರಾಂ ಗಾಳಿ ಸಾಕು. ಗ್ರಾಂ ಲೆಕ್ಕದಲ್ಲಿ ಅದರ ಶಕ್ತಿ ಪೆಟ್ರೋಲಿನ ಕಾಲುಭಾಗದಷ್ಟೇ ಇದ್ದರೂ, ಅದೇ ಗಾಳಿಯಿಂದ ಎರಡು ಪಟ್ಟಿಗೂ ಹೆಚ್ಚು ಶಕ್ತಿ ದೊರೆಯುತ್ತದೆ.

ಎಂಜಿನ್ ಬಿಚ್ಚಿದಾಗ ಕಟ್ಟುಗಾರ ಮೊದಲು ಹುಡುಕುವುದು ಬಿರುಕುಗಳನ್ನು. ನಿಮಿಷಕ್ಕೆ 7000 ಸುತ್ತು ತಿರುಗುವ, 88 ಮಿಲಿಮೀಟರ್ ಹೊಡೆತದ ಎಂಜಿನ್ನನ್ನು ತೆಗೆದುಕೊಳ್ಳಿ. ಪಿಸ್ಟನ್ ಮೇಲ್ತುದಿಯಲ್ಲಿ ದಿಕ್ಕು ಬದಲಿಸುವಾಗ ಅದರ ವೇಗೋತ್ಕರ್ಷ ಗುರುತ್ವದ ಸುಮಾರು 3000 ಪಟ್ಟು. ಅರ್ಧ ಕಿಲೋಗ್ರಾಂ ತೂಗುವ ಪಿಸ್ಟನ್ ಆ ಕ್ಷಣ ತನ್ನ ಕನೆಕ್ಟಿಂಗ್ ರಾಡನ್ನು ಒಂದೂವರೆ ಟನ್ ಭಾರದಂತೆ ಎಳೆಯುತ್ತದೆ. ಇಡೀ ಕಾರನ್ನು ಆ ರಾಡಿಗೆ ನೇತುಹಾಕಿದಂತೆ, ಸೆಕೆಂಡಿಗೆ 116 ಸಲ! ಹೀಗೆ ಮತ್ತೆ ಮತ್ತೆ ಎಳೆದು ಬಿಟ್ಟಾಗ ಲೋಹ ದಣಿಯುತ್ತದೆ, ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ. ಅದನ್ನು ಪತ್ತೆಹಚ್ಚಲು ಭಾಗವನ್ನು ಕಾಂತೀಕರಿಸಿ ಸಣ್ಣ ಕಬ್ಬಿಣದ ಪುಡಿಯನ್ನು ಉದುರಿಸುತ್ತಾರೆ. ಬಿರುಕಿರುವಲ್ಲಿ ಕಾಂತಕ್ಷೇತ್ರ ಹೊರಕ್ಕೆ ಸೋರುತ್ತದೆ, ಪುಡಿ ಅಲ್ಲಿ ಗೆರೆಯಾಗಿ ನಿಲ್ಲುತ್ತದೆ. ರಾಡಿನ ಬೋಲ್ಟುಗಳು ನೋಡಲು ಚೆನ್ನಾಗಿದ್ದರೂ ಹೊಸದನ್ನೇ ಹಾಕುವುದು ವಾಡಿಕೆ.

ತಿರುಗುವ ಚಕ್ರದ ಅಪಾಯ

ಎಂಜಿನ್ನಿನ ಹಿಂದೆ ಫ್ಲೈವೀಲ್ ಮತ್ತು ಕ್ಲಚ್ ತಿರುಗುತ್ತಿರುತ್ತವೆ. ಇವು 14 ಕಿಲೋಗ್ರಾಂ ತೂಕದ, 15 ಸೆಂಟಿಮೀಟರ್ ತ್ರಿಜ್ಯದ ಒಂದು ತಟ್ಟೆ ಎಂದು ಭಾವಿಸಿ. 7000 ಸುತ್ತಿನ ವೇಗದಲ್ಲಿ ಅದರ ಆವರ್ತನ ಚಲನಶಕ್ತಿ ಸುಮಾರು 42,000 ಜೂಲ್. 1400 ಕಿಲೋಗ್ರಾಂ ಕಾರನ್ನು ಮೂರು ಮೀಟರ್ ಮೇಲೆತ್ತಲು ಇಷ್ಟು ಶಕ್ತಿ ಸಾಕು. ಸುತ್ತು ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ತಟ್ಟೆ ಒಡೆದರೆ ಅದರ ಚೂರುಗಳು ಬಾಂಬಿನ ಚೂರುಗಳಂತೆ ಸಿಡಿಯುತ್ತವೆ. ಹಾಗೆ ಒಡೆದ ಯಂತ್ರವೊಂದು ಈ ಕ್ರೀಡೆಯ ದಿಕ್ಕನ್ನೇ ಬದಲಿಸಿತು.

ಫ್ಲಾರಿಡಾದ ಡಾನ್ ಗಾರ್ಲಿಟ್ಸ್ 1932ರಲ್ಲಿ ಹುಟ್ಟಿದವರು. ಹಳೆಯ ಶೆವ್ರೊಲೆ ಕಾರಿನ ಚೌಕಟ್ಟಿನ ತೊಲೆಗಳ ಮೇಲೆ ಕ್ರೈಸ್ಲರ್ ಎಂಜಿನ್ ಕೂರಿಸಿ ಅವರು ತಮ್ಮ ಆರಂಭದ ಕಾರುಗಳಲ್ಲೊಂದನ್ನು ಕಟ್ಟಿದರು. ತಮ್ಮ ಕಾರುಗಳಿಗೆಲ್ಲ ‘ಸ್ವಾಂಪ್ ರ‍್ಯಾಟ್’, ಅಂದರೆ ಜೌಗಿನ ಇಲಿ ಎಂದು ಹೆಸರಿಟ್ಟು ಸಂಖ್ಯೆ ಕೊಡುತ್ತ ಬಂದರು. 1964ರಲ್ಲಿ ನ್ಯೂಜೆರ್ಸಿಯಲ್ಲಿ ಅವರ ವೇಗ ಗಂಟೆಗೆ 201.34 ಮೈಲಿ, ಅಂದರೆ 324 ಕಿ.ಮೀ. ಮುಟ್ಟಿತು. ಆ ಕಾಲದ ಕಾರುಗಳಲ್ಲಿ ಎಂಜಿನ್ ಮುಂದೆ, ಚಾಲಕ ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಕವಣೆಯಲ್ಲಿಟ್ಟ ಕಲ್ಲಿನಂತೆ ಕುಳಿತಿರುತ್ತಿದ್ದುದರಿಂದ ಅವುಗಳಿಗೆ ಕವಣೆ ಕಾರು ಎಂಬರ್ಥದ ಹೆಸರೇ ಬಂದಿತ್ತು. ಹಿಂಚಕ್ರಗಳ ಮೇಲೆ ಭಾರ ಬೀಳಲು ಅದು ಒಳ್ಳೆಯ ಏರ್ಪಾಡು. ಆದರೆ ಗೇರುಪೆಟ್ಟಿಗೆ ಚಾಲಕನ ಎರಡು ಪಾದಗಳ ನಡುವೆ ತಿರುಗುತ್ತಿತ್ತು!

1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯದ ಲಯನ್ಸ್ ಅಂಕಣದಲ್ಲಿ ‘ಸ್ವಾಂಪ್ ರ‍್ಯಾಟ್ 13’ ಹೊರಡುವ ಗೆರೆಯಲ್ಲೇ ಸಿಡಿಯಿತು. ಗೇರುಪೆಟ್ಟಿಗೆ ಒಡೆದು ಕಾರು ಎರಡು ತುಂಡಾಯಿತು. ಗಾರ್ಲಿಟ್ಸ್ ಅವರ ಬಲಪಾದದ ಒಂದು ಭಾಗ ಕತ್ತರಿಸಿಹೋಯಿತು.

ಆಸ್ಪತ್ರೆಯ ಹಾಸಿಗೆಯಲ್ಲೇ ಅವರು ಹೊಸ ಕಾರಿನ ಬಗ್ಗೆ ಯೋಚಿಸಿದರು. ಚಾಲಕ ಮುಂದೆ, ಎಂಜಿನ್ ಮತ್ತು ಗೇರು ಹಿಂದೆ. ಒಡೆದರೂ ಚೂರುಗಳು ಚಾಲಕನಿಂದ ದೂರ. ಈ ವಿಚಾರ ಹೊಸದಲ್ಲ. ಹಿಂದೆಯೂ ಹಲವರು ಪ್ರಯತ್ನಿಸಿದ್ದರು. ಅಂಥ ಕಾರುಗಳು ನೇರ ಓಡದೆ ಅಪಘಾತಕ್ಕೀಡಾಗುತ್ತವೆಂಬ ಅಪಖ್ಯಾತಿ ಇತ್ತು. ಗಾರ್ಲಿಟ್ಸ್ ತಂಡ ಕಟ್ಟಿದ ಕಾರೂ ಮೊದಮೊದಲು ಅಡ್ಡಾದಿಡ್ಡಿ ಓಡಿತು. ಕಾರಣ ಸ್ಟಿಯರಿಂಗಿನಲ್ಲಿತ್ತು. ಕವಣೆ ಕಾರಿನಲ್ಲಿ ಕಾರಿನ ಬಾಲ ಸ್ವಲ್ಪ ಪಕ್ಕಕ್ಕೆ ಸರಿದರೂ ಕೊನೆಯಲ್ಲಿ ಕುಳಿತ ಚಾಲಕನಿಗೆ ಕೂಡಲೇ ಗೊತ್ತಾಗುತ್ತಿತ್ತು. ಮುಂದೆ ಕುಳಿತವನಿಗೆ ಆ ಸೂಚನೆ ತಡವಾಗಿ ಸಿಗುತ್ತದೆ. ತಡವಾಗಿ ಸಿಕ್ಕ ಸೂಚನೆಗೆ ಚುರುಕಾದ ಸ್ಟಿಯರಿಂಗಿನಿಂದ ಉತ್ತರಿಸಿದರೆ ತಿದ್ದುಪಡಿ ಅತಿಯಾಗುತ್ತದೆ. ಅದನ್ನು ತಿದ್ದಲು ಹೋದರೆ ಎದುರು ದಿಕ್ಕಿಗೆ ಇನ್ನೂ ಅತಿ. ತಂಡ ಸ್ಟಿಯರಿಂಗಿನ ಅನುಪಾತವನ್ನು ನಿಧಾನಗೊಳಿಸಿತು. ಕೈಯ ಅದೇ ತಿರುವಿಗೆ ಚಕ್ರ ಕಡಿಮೆ ತಿರುಗುವಂತಾಯಿತು. ಕಾರು ನೇರವಾಗಿ ಓಡಿತು!

1971ರ ಆರಂಭದಲ್ಲಿ ಪೊಮೊನಾದಲ್ಲಿ ನಡೆದ ವಿಂಟರ್‌ನ್ಯಾಷನಲ್ಸ್ ಪಂದ್ಯವನ್ನು ‘ಸ್ವಾಂಪ್ ರ‍್ಯಾಟ್ 14’ ಗೆದ್ದಿತು. ಕೆಲವೇ ವರ್ಷಗಳಲ್ಲಿ ಕವಣೆ ಕಾರುಗಳು ಅಗ್ರ ವರ್ಗದಿಂದ ಮಾಯವಾದವು. ಎಷ್ಟು ಚಾಲಕರ ಜೀವ ಇದರಿಂದ ಉಳಿಯಿತೋ ಲೆಕ್ಕವಿಟ್ಟವರಿಲ್ಲ. 1986ರಲ್ಲಿ ಗಂಟೆಗೆ 270 ಮೈಲಿ ಮೀರಿ ಓಡಿದ ‘ಸ್ವಾಂಪ್ ರ‍್ಯಾಟ್ 30’ ಇಂದು ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಮನೆಯ ಕಟ್ಟುಗಾರರೂ ಈ ಪಾಠವನ್ನು ಬಿಡುವಂತಿಲ್ಲ. ಕ್ಲಚ್ಚಿನ ಸುತ್ತ ದಪ್ಪ ಉಕ್ಕಿನ ಕವಚ, ಪ್ರೊಪೆಲ್ಲರ್ ದಂಡ ಮುರಿದರೆ ನೆಲಕ್ಕೆ ಚುಚ್ಚಿಕೊಳ್ಳದಂತೆ ಹಿಡಿಯುವ ಉಕ್ಕಿನ ಬಳೆ, ಚಾಲಕನ ಸುತ್ತ ಕೊಳವೆಗಳ ಪಂಜರ, ಬೆಂಕಿ ತಡೆಯುವ ಉಡುಪು ಇವೆಲ್ಲ ಕಾರಿನ ವೇಗಕ್ಕೆ ತಕ್ಕಂತೆ ಕಡ್ಡಾಯ. ಗಂಟೆಗೆ 150 ಮೈಲಿ (241 ಕಿ.ಮೀ.) ಮುಟ್ಟುವ ಕಾರಿಗೆ ಪ್ಯಾರಾಚೂಟ್ ಇರಲೇಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಪ್ಯಾರಾಚೂಟ್ ಅತ್ಯಂತ ಅಗತ್ಯವಿರುವಾಗಲೇ ಅತ್ಯಂತ ಬಲವಾಗಿ ಎಳೆಯುತ್ತದೆ. 2008ರ ಜೂನ್‌ನಲ್ಲಿ ಸ್ಕಾಟ್ ಕಲಿಟಾ ಎಂಬ ಚಾಲಕ ನ್ಯೂಜೆರ್ಸಿಯಲ್ಲಿ ಮೃತಪಟ್ಟ ಮೇಲೆ ಅತಿವೇಗದ ಎರಡು ವರ್ಗಗಳ ಓಟದ ದೂರವನ್ನು 1000 ಅಡಿಗೆ (304.8 ಮೀಟರ್) ಇಳಿಸಲಾಯಿತು. ನಿಲ್ಲಲು ಹೆಚ್ಚು ಜಾಗ ದೊರೆಯಲಿ ಎಂಬುದು ಉದ್ದೇಶ.

ನಿಧಾನದ ಕಾರೂ ಗೆಲ್ಲಬಹುದು

ಹವ್ಯಾಸಿಗಳ ಪಂದ್ಯದಲ್ಲಿ ಪ್ರತಿ ಚಾಲಕ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆಂದು ಮೊದಲೇ ಘೋಷಿಸುತ್ತಾನೆ. 12.00 ಎಂದವನಿಗೆ 10.00 ಎಂದವನಿಗಿಂತ ಎರಡು ಸೆಕೆಂಡು ಮುಂಚೆ ಹಸಿರು ದೀಪ ಹೊತ್ತುತ್ತದೆ. ಘೋಷಿಸಿದ್ದಕ್ಕಿಂತ ಬೇಗ ಓಡಿದರೆ ಸಾಮಾನ್ಯವಾಗಿ ಸೋಲು! ಮೊದಲನೆಯವನು ದೀಪಕ್ಕೆ 0.05 ಸೆಕೆಂಡಿನಲ್ಲಿ ಪ್ರತಿಕ್ರಿಯಿಸಿ 12.03ರಲ್ಲಿ ಓಡಿದ, ಎರಡನೆಯವನು 0.12ರಲ್ಲಿ ಪ್ರತಿಕ್ರಿಯಿಸಿ 10.01ರಲ್ಲಿ ಓಡಿದ ಎನ್ನಿ. ಮೊದಲನೆಯವನ ಒಟ್ಟು ವ್ಯತ್ಯಾಸ 0.08, ಎರಡನೆಯವನದು 0.13. ನಿಧಾನದ ಕಾರು 0.05 ಸೆಕೆಂಡಿನಿಂದ, ಅಂದರೆ ಎದುರಾಳಿಯ ವೇಗದಲ್ಲಿ ಸುಮಾರು ಮೂರು ಮೀಟರ್ ಅಂತರದಿಂದ, ಗೆದ್ದಿತು.

ಇಲ್ಲಿ ಗೆಲ್ಲುವುದು ವೇಗಕ್ಕಿಂತ ಮಿಗಿಲಾಗಿ ಪುನರಾವರ್ತನೆ. ಪ್ರಯೋಗಶಾಲೆಯಲ್ಲಿ ನಾವು ಬಯಸುವ ಗುಣವೂ ಇದೇ. ಆದ್ದರಿಂದ ಒಳ್ಳೆಯ ಕಟ್ಟುಗಾರ ಪ್ರತಿ ಓಟಕ್ಕೂ ಉಷ್ಣತೆ, ವಾಯುಒತ್ತಡ, ಟೈರಿನ ಒತ್ತಡಗಳನ್ನು ಪುಸ್ತಕದಲ್ಲಿ ಬರೆದಿಡುತ್ತಾನೆ. ಒಮ್ಮೆಗೆ ಒಂದನ್ನೇ ಬದಲಿಸುತ್ತಾನೆ. ಗಾಳಿಯ ಉಷ್ಣತೆ 15ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅದರ ಸಾಂದ್ರತೆ ಶೇಕಡ 6.5ರಷ್ಟು ಇಳಿಯುತ್ತದೆ. ಸಾಮರ್ಥ್ಯವೂ ಅಷ್ಟೇ ಇಳಿದರೆ, ನಮ್ಮ ಘನಮೂಲದ ಪ್ರಕಾರ 10.00 ಸೆಕೆಂಡುಗಳ ಓಟ ಸುಮಾರು 10.23 ಆಗುತ್ತದೆ. ಬೆಳಗಿನ ಲೆಕ್ಕವನ್ನು ಮಧ್ಯಾಹ್ನ ನಂಬಿದವನು ಸೋಲುತ್ತಾನೆ.

ತರಗತಿಗೊಂದು ಲೆಕ್ಕ

ಓಟ ಮುಗಿದ ಮೇಲೆ ಚಾಲಕನಿಗೆ ಕಾಲದ ಚೀಟಿ ಸಿಗುತ್ತದೆ. ಅದರಲ್ಲಿ ಮೊದಲ 60 ಅಡಿ (18.3 ಮೀಟರ್) ದಾಟಿದ ಕಾಲವೂ ಇರುತ್ತದೆ. ಅದು 1.5 ಸೆಕೆಂಡು ಎಂದಿದ್ದರೆ ಆರಂಭದ ವೇಗೋತ್ಕರ್ಷವೆಷ್ಟು? ವಿದ್ಯಾರ್ಥಿಗಳು ಸೆಕೆಂಡಿನ ವರ್ಗಕ್ಕೆ 16.3 ಮೀಟರ್ ಎಂದು ಹೇಳಬಹುದು. ಈಗ ಇನ್ನೊಂದು ಮಾಹಿತಿ ಕೊಡಿ: ಮುಂದಿನ ಚಕ್ರ ಬೆಳಕಿನ ಕಿರಣವನ್ನು ಪೂರ್ತಿ ದಾಟಿದ ಮೇಲೆಯೇ ಗಡಿಯಾರ ಶುರುವಾಗುತ್ತದೆ, ಅಷ್ಟರಲ್ಲಿ ಕಾರು ಸುಮಾರು 30 ಸೆಂಟಿಮೀಟರ್ ಚಲಿಸಿರುತ್ತದೆ. ಇದನ್ನು ಸೇರಿಸಿ ಲೆಕ್ಕ ಮಾಡಿದರೆ ಉತ್ತರ 12.6ಕ್ಕೆ ಇಳಿಯುತ್ತದೆ. ಬರೀ ಒಂದು ಅಡಿಯಿಂದ ಇಷ್ಟು ವ್ಯತ್ಯಾಸ! ಅಳತೆ ಎಲ್ಲಿಂದ ಆರಂಭವಾಯಿತು ಎಂಬುದನ್ನು ತಿಳಿಯದೆ ಉತ್ತರವನ್ನು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮುಂದಿನ ಪ್ರಶ್ನೆ: ಈ ಕಾರಿನಲ್ಲಿ ಟೈರಿನ ಮಿತಿ ಮುಗಿದು ಎಂಜಿನ್ನಿನ ಮಿತಿ ಶುರುವಾಗುವುದು ಯಾವ ವೇಗದಲ್ಲಿ? ಪ್ರತಿ ಕಿಲೋಗ್ರಾಂಗೆ ದೊರೆಯುವ 182 ವಾಟ್ ಸಾಮರ್ಥ್ಯವನ್ನು 12.6ರಿಂದ ಭಾಗಿಸಿ. ಸೆಕೆಂಡಿಗೆ 14.4 ಮೀಟರ್, ಗಂಟೆಗೆ ಸುಮಾರು 52 ಕಿ.ಮೀ. ಅಲ್ಲಿಯವರೆಗೆ ಓಟವನ್ನು ಆಳುವುದು ರಬ್ಬರು. ಆಮೇಲೆ ಗಾಳಿ ಮತ್ತು ಇಂಧನ.

ಈ ಪ್ರಯೋಗ ಕಪ್ಪುಹಲಗೆಯ ಮೇಲೆ ನಡೆಯಲಿ, ಊರ ರಸ್ತೆಯಲ್ಲಿ ಬೇಡ. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಪಂದ್ಯ ನಡೆಸುವುದು ನಮ್ಮ ಮೋಟಾರು ವಾಹನ ಕಾಯಿದೆಯ 189ನೇ ವಿಧಿಯ ಪ್ರಕಾರ ಅಪರಾಧ. ಕವಚ, ಪಂಜರ, ಪ್ಯಾರಾಚೂಟ್, ನಿಲ್ಲಲು ಉದ್ದನೆಯ ಜಾಗ ಇವು ಯಾವುವೂ ರಸ್ತೆಯಲ್ಲಿ ಇರುವುದಿಲ್ಲ. ನಿಯಮ ಪುಸ್ತಕದಲ್ಲಿ ಇವೆಲ್ಲ ಸೇರಿಕೊಂಡದ್ದು ಅಪಘಾತಗಳಿಂದ ಕಲಿತ ಪಾಠದಿಂದ. ನಿಮ್ಮ ತರಗತಿಯಲ್ಲಿ ಬೈಕಿನ ವೇಗದ ಬಗ್ಗೆ ಉತ್ಸಾಹದಿಂದ ಮಾತಾಡುವ ಹುಡುಗನಿದ್ದರೆ, ಅವನ ಕೈಗೆ ಈ ಘನಮೂಲದ ಸೂತ್ರವನ್ನೂ ಫ್ಲೈವೀಲಿನ 42,000 ಜೂಲನ್ನೂ ಕೊಟ್ಟು ನೋಡಿ.